ಎರಡು ಬೊಟ್ಟಿನ ಸಿಲಿಂಡರ್

ಮಂಗಳಗೌರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಲೈಸೆನ್ಸ್ ಕೂಡ ಇರಲಿಲ್ಲ. ವಿಮಾ ಕಂಪನಿಗೆ ಅಪಘಾತಗಳ ತನಿಖೆ ಮಾಡಿಕೊಡುವ ಈ ಹೆಂಗಸು ಗುಬ್ಬಿಯಿಂದ ತುಮಕೂರಿಗೆ ಸಿಕ್ಕಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುತ್ತಾಳೆ ಎನ್ನುವುದು ಗ್ಯಾರೇಜಿನವರಿಗೆಲ್ಲ ಹಳೆಯ ತಮಾಷೆ.

ಸರ್ವಿಸ್ ಸೆಂಟರಿನ ಮಾಲೀಕ ಕೃಷ್ಣಕುಮಾರ್ ಆ ಶುಕ್ರವಾರ ಬೆಳಿಗ್ಗೆ ಅದನ್ನೇ ಎತ್ತಿಕೊಂಡ.

"ಸ್ಟೇರಿಂಗ್ ಮುಟ್ದೇ ಇರೋರು ಬ್ರೇಕ್ ವಿಚಾರಕ್ಕೆ ಬರಬಾರ್ದು ಮೇಡಂ. ಟೀ ಕುಡೀರಿ. ಆಮೇಲೆ ನಾನೇ ಬಸ್‌ಸ್ಟ್ಯಾಂಡಿಗೆ ಬಿಡಿಸ್ತೀನಿ."

"ಟೀ ಬರ್ಲಿ," ಎಂದಳು ಮಂಗಳಗೌರಿ. "ಸಕ್ರೆ ಕಮ್ಮಿ."

ಮೂಲೆಯ ಕುರ್ಚಿಯಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ರಾಮಾಂಜಿನಯ್ಯ ವಾಚು ನೋಡಿಕೊಂಡರು. ಕುಣಿಗಲ್ ಕಡೆಯಿಂದ ವಸಂತನರಸಾಪುರದ ರಸ್ತೆಯಲ್ಲಿರುವ ಈ ಸರ್ವಿಸ್ ಸೆಂಟರಿನವರೆಗೆ ಅವರನ್ನು ಎಳೆದು ತರುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು. ಬಂದ ಮೇಲೂ ಅವರ ಮುಖದಲ್ಲಿ ಬಂದಿರುವ ಲಕ್ಷಣವಿರಲಿಲ್ಲ.

"ಬೇಗ ಮುಗ್ಸಿ ತಾಯಿ," ಎಂದರು. "ಸೋಮವಾರ ಚಾರ್ಜ್‌ಶೀಟ್ ಹಾಕ್ಬೇಕು. ಕೆಲ್ಸ ಬೆಟ್ಟದಷ್ಟಿದೆ."

ಹುತ್ರಿದುರ್ಗದ ಇಳಿಜಾರಿನಲ್ಲಿ ಬಾಡಿಗೆ ಕ್ಯಾರವಾನೊಂದು ನುಗ್ಗಿ ತೆಂಗಿನ ಮರಕ್ಕೆ ಗುದ್ದಿ, ಅದರ ಮಾಲೀಕರಲ್ಲೊಬ್ಬನಾದ ನಯಾಜ್ ಅಹಮದ್ ಸತ್ತು ತಿಂಗಳಾಗಿತ್ತು. ಓಡಿಸುತ್ತಿದ್ದ ಗುಬ್ಬಿಯ ಹುಡುಗ ಮುಜೀಬ್, ಬ್ರೇಕ್ ತುಳಿದರೆ ಪೆಡಲ್ ನೆಲ ಮುಟ್ಟಿತು ಎಂದಿದ್ದ. ಯಾರೂ ನಂಬಿರಲಿಲ್ಲ.

ನಂಬದಿರಲು ಕಾರಣವಿತ್ತು. ಮಂಚ, ಒಲೆ, ಬಚ್ಚಲು ಎಲ್ಲ ಇರುವ ಆ ಗಾಡಿಗಳ ಬ್ರೇಕಿನಲ್ಲಿ ದೋಷವಿದೆ ಎಂದು ತಯಾರಿಸಿದ ಕಂಪನಿಯೇ ಒಪ್ಪಿಕೊಂಡಿತ್ತು. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಬಿಸಿಯಾದರೆ ಸೋಲುತ್ತಿತ್ತು, ತಣ್ಣಗಾದರೆ ಏನೂ ಆಗಿಲ್ಲ ಎಂಬಂತೆ ಮತ್ತೆ ಹಿಡಿಯುತ್ತಿತ್ತು. ಗಾಡಿಗಳನ್ನು ವಾಪಸ್ ಕರೆಸಿ ಪುಕ್ಕಟೆ ಹೊಸ ಸಿಲಿಂಡರ್ ಹಾಕಿಕೊಡಿ ಎಂದು ಕಂಪನಿ ತನ್ನ ಸರ್ವಿಸ್ ಸೆಂಟರುಗಳಿಗೆ ಕಿಟ್ ಕಳಿಸಿತ್ತು. ನಯಾಜ್ ಮತ್ತು ಅವನ ಪಾಲುದಾರ ಚಂದ್ರು ಇಟ್ಟುಕೊಂಡಿದ್ದ ಮೂರು ಗಾಡಿಗಳಿಗೂ ದಸರಾ ಕಳೆದ ಮೇಲೆ ಹೊಸದು ಹಾಕಿದ್ದೇನೆ ಎಂದು ಕೃಷ್ಣಕುಮಾರ್ ಕಂಪನಿಗೆ ತಿಳಿಸಿದ್ದ. ಗುದ್ದಿದ ಮಾರನೆಯ ದಿನ ಪರೀಕ್ಷೆ ಮಾಡಿದವರಿಗೆ ತಣ್ಣಗಿನ ಪೆಡಲ್ ಗಟ್ಟಿಯಾಗಿಯೇ ಸಿಕ್ಕಿತ್ತು.

ಅಲ್ಲಿಗೆ ಮುಜೀಬ್ ಸುಳ್ಳುಗಾರನಾದ. ಫೋನ್ ನೋಡುತ್ತ ಓಡಿಸಿ ಅನ್ನ ಕೊಟ್ಟ ಧಣಿಯನ್ನೇ ಕೊಂದವನಾದ. ಸೋಮವಾರದ ನಂತರ ಲೈಸೆನ್ಸ್ ಹೋಗುತ್ತಿತ್ತು. ಗುಬ್ಬಿಯಲ್ಲಿ ಆಗಲೇ ಅವನಿಗೆ ಆಟೋದ ಕೀ ಕೊಡುವವರೂ ಇರಲಿಲ್ಲ.

ಮಂಗಳಗೌರಿ ಚೀಲದಿಂದ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದಳು. ಬೆಳ್ಳಗಿನ ಲೋಹದ ಸಿಲಿಂಡರ್. ಮೈಯಲ್ಲಿ ಸ್ವಲ್ಪ ಧೂಳು. ನಂಬರ್ ಇರಬೇಕಾದ ಜಾಗವನ್ನು ಯಾರೋ ಗ್ರೈಂಡರ್ ಹಿಡಿದು ಸವೆಸಿದ್ದರು.

"ಇದು ನಿಮ್ಮದಾ ಕೃಷ್ಣಕುಮಾರ್?"

ಅವನು ಬಗ್ಗಿ ನೋಡಿದ. ಮುಟ್ಟಲಿಲ್ಲ.

"ನಂಬರೇ ಇಲ್ವಲ್ಲ. ಯಾವನೋ ಗುಜರಿಯವನ್ದು. ಎಲ್ ಸಿಕ್ತು?"

"ಜುಂಜಪ್ಪನ ಮಿನಿ ಬಸ್ಸಲ್ಲಿ. ನಿಮ್ಮ ಕ್ಯಾರವಾನಿಗೂ ಆ ಬಸ್ಸಿಗೂ ಚಾಸಿ ಒಂದೇ. ಇದು ಅದಕ್ಕೂ ಕೂರುತ್ತೆ."

ಗುಬ್ಬಿಯಿಂದ ಫ್ಯಾಕ್ಟರಿ ಕೆಲಸಗಾರರನ್ನು ತುಂಬಿಕೊಂಡು ಬರುವ ಬಸ್ಸದು. ಆ ವಾರದ ಸೋಮವಾರ ಅವಳು ಅದರಲ್ಲೇ ಬಂದಿದ್ದಳು. ದಾರಿಯಲ್ಲಿ ರೇಡಿಯೇಟರ್ ಕುದಿಯಿತು. ಜುಂಜಪ್ಪ ಬೈದುಕೊಂಡು ಬಾನೆಟ್ ಎತ್ತಿದ. ಎಲ್ಲರೂ ಇಳಿದು ನೆರಳು ಹುಡುಕಿದರು, ಮಂಗಳಗೌರಿ ಮಾತ್ರ ಬಾನೆಟ್ಟಿನೊಳಗೆ ನೋಡುತ್ತ ನಿಂತಳು. ಎಣ್ಣೆ ಜಿಡ್ಡು ಹತ್ತಿದ ಆ ಇಂಜಿನಿನ ನಡುವೆ ಒಂದು ಸಿಲಿಂಡರ್ ಮಾತ್ರ ಮದುವೆಗೆ ಬಂದಂತೆ ಬೆಳ್ಳಗಿತ್ತು. ಅದರ ನೆತ್ತಿಯ ಮೇಲೆ ಅರಿಶಿನದ ಒಂದು ಗೀರು, ಗೀರಿನ ಮೇಲೆ ಕುಂಕುಮದ ಎರಡು ಬೊಟ್ಟು.

ಎಲ್ಲಿಂದ ಬಂತು ಎಂದು ಕೇಳಿದಾಗ ಜುಂಜಪ್ಪ, "ತುಮ್ಕೂರ್ ಮಾಲು ಮೇಡಂ, ಅಗ್ಗುಕ್ ಸಿಕ್ತು," ಎಂದಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ಬಸ್ಸಿಗೆ ಬೇರೆ ಸಿಲಿಂಡರ್ ಹಾಕಿಸಿಕೊಟ್ಟು ಇದನ್ನು ಬಿಚ್ಚಿಸಿಕೊಂಡಿದ್ದಳು. ಜುಂಜಪ್ಪ ನಟ್ಟುಗಳನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಟ್ಟಿದ್ದ.

"ನಂಬರ್ ಉಜ್ಜಿದಾರೆ," ಎಂದಳು. "ಬೊಟ್ಟು ಉಜ್ಜಿಲ್ಲ. ಕಂಪನಿ ಅಂದ್ರೆ ಭಯ ಇಲ್ಲ, ದೇವರು ಅಂದ್ರೆ ಇದೆ."

ಕೃಷ್ಣಕುಮಾರ್ ನಕ್ಕ. "ಆಯುಧಪೂಜೆಲಿ ಜಿಲ್ಲೆಗ್ ಜಿಲ್ಲೇನೇ ಬೊಟ್ಟು ಇಕ್ತದೆ ಮೇಡಂ. ಸೌಟಿಗೂ ಇಕ್ತಾರೆ, ಸೈಕಲ್‌ಗೂ ಇಕ್ತಾರೆ. ಬೊಟ್ಟು ನೋಡಿ ಕೇಸ್ ಮಾಡ್ತಾರಾ ಸಾರ್?"

ರಾಮಾಂಜಿನಯ್ಯನವರು ಮೀಸೆಯೊಳಗೇ ನಕ್ಕರು. ಮಂಗಳಗೌರಿ ಅವರತ್ತ ತಿರುಗಿ, ಗೋಡೆಯ ಕಡೆ ಕೈ ತೋರಿಸಿದಳು.

"ಅದು ನೋಡಿ ಸಾರ್. ಆ ಜಾಕ್. ಆ ಕಂಪ್ರೆಸರ್. ಬೆಂಕಿ ಆರಿಸೋ ಆ ಕೆಂಪು ಸಿಲಿಂಡರು."

ಅವರು ಮೊದಲ ಸಲ ಕುರ್ಚಿಯಿಂದ ಎದ್ದರು. ಜಾಕಿನ ಮೇಲೆ ಅರಿಶಿನದ ಗೀರು, ಎರಡು ಬೊಟ್ಟು. ಕಂಪ್ರೆಸರಿನ ಮೇಲೂ ಹಾಗೆಯೇ. ಬಿಲ್ಲು ಹೊಡೆಯುವ ಕಂಪ್ಯೂಟರಿನ ಹಣೆಯ ಮೇಲೂ.

"ಒಂದೇ ಬೊಟ್ಟು ಇಡೋರನ್ನ ನೋಡಿದೀನಿ, ಮೂರು ಗೀರು ವಿಭೂತಿ ಎಳೆಯೋರನ್ನ ನೋಡಿದೀನಿ," ಎಂದಳು. "ಎರಡು ಬೊಟ್ಟು ಇಲ್ಲಿ ಬಿಟ್ಟು ಇನ್ನೆಲ್ಲೂ ನೋಡಿಲ್ಲ."

"ನೀವ್ ನೋಡಿಲ್ಲ ಅಂದ್ರೆ ಇಲ್ಲ ಅಂತಲ್ಲ," ಎಂದ ಕೃಷ್ಣಕುಮಾರ್. ಈಗ ಅವನು ನಗುತ್ತಿರಲಿಲ್ಲ. "ಸಾರ್, ಈಯಮ್ಮ ಆ ಡ್ರೈವರ್ ಕಡೆಯೋರ ಹತ್ರ ಏನೋ ಇಸ್ಕೊಂಡವ್ರೆ. ಇದು ನನ್ ಮಾಲಲ್ಲ. ಎಲ್ ಬೇಕಾದ್ರೂ ಬಂದು ಹೇಳ್ತೀನಿ, ನನ್ ಮಾಲಲ್ಲ."

ಆಗ ಹಿಂಬಾಗಿಲ ಪರದೆ ಸರಿಯಿತು. ಸೆಂಟರಿನ ಹಿಂದೆಯೇ ಅವರ ಮನೆ. ಶುಕ್ರವಾರದ ಧೂಪದ ತಟ್ಟೆ ಹಿಡಿದುಕೊಂಡು ಅವನ ತಾಯಿ ದೊಡ್ಡಗಂಗಮ್ಮ ಬಂದಳು. ಪೊಲೀಸರನ್ನು ಕಂಡು ಅವಳಿಗೇನೂ ಅನ್ನಿಸಲಿಲ್ಲ, ಅವರ ಜೀಪೂ ಇಲ್ಲಿಗೇ ಸರ್ವಿಸಿಗೆ ಬರುತ್ತಿತ್ತು. ಹೊಗೆಯನ್ನು ಜಾಕಿಗೆ ತೋರಿಸಿದಳು, ಕಂಪ್ರೆಸರಿಗೆ ತೋರಿಸಿದಳು, ಕಂಪ್ಯೂಟರಿಗೆ ತೋರಿಸಿದಳು. ಮೇಜಿನ ಹತ್ತಿರ ಬಂದವಳು ನಿಂತಳು.

"ಇದ್ಯಾಕ್ಲಾ ಇಲ್ಲೈತೆ?"

"ಅವ್ವ, ಒಳಗ್ ಹೋಗು," ಎಂದ ಕೃಷ್ಣಕುಮಾರ್.

"ಇಷ್ಟ್ ಧೂಳು ಮಾಡಿಕ್ಕಿದೀಯಲ್ಲೋ." ಅವಳು ಸೆರಗಿನ ತುದಿಯಿಂದ ಸಿಲಿಂಡರನ್ನು ಒರೆಸಿದಳು, ಬೊಟ್ಟಿನ ಸುತ್ತ ಮಾತ್ರ, ಮಗುವಿನ ಮುಖ ಒರೆಸಿದಂತೆ.

ಮಂಗಳಗೌರಿ ದನಿ ಏರಿಸಲಿಲ್ಲ. "ಬೊಟ್ಟು ಚೆನ್ನಾಗಿ ಇಟ್ಟಿದೀರ ಅಮ್ಮ. ಇಂಜಿನ್ ಕಾವಿಗೂ ಹೋಗಿಲ್ಲ."

"ಹೆಂಗೋದಾತು? ಹರಳೆಣ್ಣೇಲಿ ಕಲಸಿ ಇಕ್ತೀನಿ ಕಣವ್ವ. ನೀರಲ್ಲಿ ಕಲಸಿದ್ರೆ ಮಾರ್ನೆ ದಿನ್ಕೇ ಉದ್ರೋಗ್ತದೆ."

"ಎರಡು ಯಾಕಮ್ಮ?"

"ಒಂದು ನಮ್ಮಪ್ಪನ ಮನೆ ದೇವ್ರಿಗೆ, ಒಂದು ನಮ್ ಯಜಮಾನ್ರ ಮನೆ ದೇವ್ರಿಗೆ. ನನ್ನ ಸೊಸೆನೂವೆ ಒಂದ್ ಸಾಕು ಅಂತಾಳೆ. ಎರಡು ಮನೆ ಅನ್ನ ಉಂಡೋಳು ನಾನು, ಒಂದ್ ಮನೇನ ಬುಡಾಕಾಯ್ತದಾ?"

"ಅವ್ವ, ಸುಮ್ಕಿರು."

"ಯಾಕ್ ಸುಮ್ಕಿರ್ಲಿ? ಕೇಳ್ತವ್ರೆ, ಹೇಳ್ತಿವ್ನಿ." ದೊಡ್ಡಗಂಗಮ್ಮ ಮಂಗಳಗೌರಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಹಬ್ಬದ್ ಹಿಂದಿನ್ ದಿನ ಕಂಪ್ನಿಯಿಂದ ಬಂದ್ವು ಕಣವ್ವ, ಹೊಸ ಮಾಲು. ಡಬ್ಬಿ ಮೇಲೇ ಇಕ್ಕವ್ವ ಅಂದ ಇವ್ನು. ಡಬ್ಬಿಗ್ ಇಕ್ಕಿದ್ರೆ ರಟ್ಟಿಗ್ ಪೂಜೆ ಮಾಡ್ದಂಗಾಯ್ತದೆ, ತೆಗ್ಯೋ ಅಂದೆ. ಮೂರ್ನೂ ತೆಗ್ಸಿ ನನ್ನ ಕೈಯಾರೆ ಇಕ್ದೆ."

ಧೂಪದ ಹೊಗೆ ಮೇಜಿನ ಮೇಲೆ ಸುತ್ತಿತು. ರಾಮಾಂಜಿನಯ್ಯನವರು ಟೋಪಿ ಕೈಗೆ ತೆಗೆದುಕೊಂಡಿದ್ದರು.

"ಮೂರಾ?" ಎಂದಳು ಮಂಗಳಗೌರಿ. "ಮಿಕ್ಕಿದ್ದು ಎರಡು ಎಲ್ಲಿವೆ ಅಮ್ಮ?"

ಕೃಷ್ಣಕುಮಾರ್ ಎದ್ದುನಿಂತ. ಮಗ ಎದ್ದದ್ದು ತನ್ನನ್ನು ತಡೆಯಲು ಎಂದು ಆ ತಾಯಿಗೆ ಹೊಳೆಯಲೇ ಇಲ್ಲ.

"ಮಂಚದ್ ಕೆಳಗ್ ಅವೆ. ಇಲಿ ಬತ್ತದೆ ಅಂತ ನಾನೇ ಕಂಬ್ಳಿ ಸುತ್ತಿಕ್ಕಿದೀನಿ. ತರ್ಲಾ?"

"ತನ್ನಿ ಅಮ್ಮ," ಎಂದರು ರಾಮಾಂಜಿನಯ್ಯ. ಅವರ ದನಿ ಈಗ ಪೊಲೀಸರ ದನಿಯಾಗಿತ್ತು. "ನಾನೂ ಬರ್ತೀನಿ."

ಕಂಬಳಿ ಬಿಚ್ಚಿದಾಗ ಎರಡು ಡಬ್ಬಿ. ಒಂದೊಂದರಲ್ಲಿ ಒಂದೊಂದು ಸಿಲಿಂಡರ್, ಅದರ ಜೊತೆ ಕಂಪನಿಯ ನೀಲಿ ನಟ್ಟುಗಳ ಪೊಟ್ಟಣ. ಎರಡರ ಮೇಲೂ ಅರಿಶಿನದ ಗೀರು, ಎರಡೆರಡು ಬೊಟ್ಟು. ಮೂರು ಗಾಡಿಗಳಿಗೆ ಹಾಕಿದ್ದೇನೆ ಎಂದು ಕಂಪನಿಗೆ ಹೇಳಿದ ಮೂರು ಸಿಲಿಂಡರುಗಳೂ ಮೇಜಿನ ಮೇಲೆ ಸಾಲಾಗಿ ಕೂತಿದ್ದವು.

"ಹಂಗಾದ್ರೆ ಗಾಡೀಲಿ ಏನಯ್ಯಾ ಇರೋದು?" ಎಂದರು ರಾಮಾಂಜಿನಯ್ಯ.

ಕೃಷ್ಣಕುಮಾರ್ ತಾಯಿಯ ಮುಖ ನೋಡಲಿಲ್ಲ. "ಎರಡು ಮಾತ್ರ," ಎಂದ. "ಹಳೇದನ್ನೇ ಪೆಟ್ರೋಲಲ್ಲಿ ತೊಳೆದು ಬಿಟ್ಟೆ. ಹೊಸದನ್ನ ಬೆಂಗಳೂರಿಗ್ ಮಾರೋಣ ಅಂತಿದ್ದೆ. ಎರಡೇ ಸಾರ್. ಆ ಮೂರನೇದು ನಾನ್ ಕದ್ದಿದ್ದಲ್ಲ. ಆ ಗುದ್ದಿದ ಗಾಡಿ, ನಯಾಜ್ ಸಾಹೇಬ್ರು ಓಡಾಡೋದು, ಅದಕ್ಕೆ ಹೊಸದೇ ಹಾಕ್ದೆ. ಅವ್ರು ಎದುರಿಗೇ ನಿಂತಿದ್ರು. ಬಿಚ್ಚಿದ್ ಹಳೇದನ್ನೂ ಕೇಳಿ ಇಸ್ಕೊಂಡು ಗಾಡಿ ಒಳಗ್ ಇಟ್ಕೊಂಡ್ ಹೋದ್ರು."

"ಸತ್ತೋರು ಸಾಕ್ಷಿ ಹೇಳಕ್ ಬರಲ್ಲ ಅಂತ ಅವರ್ ಹೆಸ್ರು ಹೇಳ್ತೀಯ," ಎಂದರು ರಾಮಾಂಜಿನಯ್ಯ. "ಜೀಪ್ ಹತ್ತು."

"ನಟ್ಟು ನೋಡಿ ಸಾರ್. ನಾನ್ ಹೇಳಿದ್ದು ಸುಳ್ಳಾದ್ರೆ ನಟ್ಟು ನೋಡಿ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಗಳಗೌರಿಯೂ ಹಾಕಿಕೊಳ್ಳಲಿಲ್ಲ. ಗೆದ್ದ ಹೊತ್ತಿನಲ್ಲಿ ಸೋತವನ ಮಾತು ಕೇಳುವಷ್ಟು ತಾಳ್ಮೆ ಅವಳಿಗೂ ಇರಲಿಲ್ಲ. ಆರಿಹೋದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

ದೊಡ್ಡಗಂಗಮ್ಮ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ನಾನೇನ್ ತಪ್ಪು ಹೇಳ್ದೆ?" ಎಂದು ಕೇಳಿದಳು.

"ಏನೂ ಇಲ್ಲ ಅಮ್ಮ," ಎಂದಳು ಮಂಗಳಗೌರಿ. ಅದು ನಿಜವೂ ಆಗಿತ್ತು.

ಸುದ್ದಿ ಅವಳಿಗಿಂತ ಮೊದಲೇ ಗುಬ್ಬಿ ಸೇರಿತ್ತು. ಶನಿವಾರ ಕಂಪನಿಯ ಜನ ಬೆಂಗಳೂರಿನಿಂದ ಹೊಸ ಕಿಟ್ ಹಿಡಿದುಕೊಂಡು ಓಡಿಬಂದರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಉಳಿದೆರಡು ಕ್ಯಾರವಾನುಗಳ ರಿಪೇರಿ ಮುಗಿದು, ಒಂದು ಕುಣಿಗಲ್ಲಿನ ಶೆಡ್ಡಿನಲ್ಲಿ ನಿಂತಿತು, ಇನ್ನೊಂದನ್ನು ಚಂದ್ರು ತಾನೇ ಓಡಿಸಿಕೊಂಡು ಠಾಣೆಯ ಅಂಗಳಕ್ಕೆ ಬಂದ. ನುಜ್ಜುಗುಜ್ಜಾದ ಗಾಡಿ ಅದೇ ಅಂಗಳದ ಬೇವಿನ ಮರದ ಕೆಳಗೆ ತಿಂಗಳಿನಿಂದ ಬಿದ್ದಿತ್ತು.

ಮುಜೀಬ್ ತಾಯಿಯ ಜೊತೆ ಬಂದಿದ್ದ. ಬಲಗಾಲಿಗೆ ಇನ್ನೂ ಬ್ಯಾಂಡೇಜ್ ಇತ್ತು. ಗುದ್ದುವ ಕೊನೆಯ ಕ್ಷಣದವರೆಗೂ ಪೆಡಲ್ ಮೇಲಿದ್ದ ಕಾಲು.

ರಾಮಾಂಜಿನಯ್ಯನವರು ಡ್ರಾಯರ್ ಎಳೆದು ಅವನ ಲೈಸೆನ್ಸ್ ತೆಗೆದರು. "ತಗೋಳಪ್ಪ. ಕೇಸಿಂದ ನಿನ್ ಹೆಸ್ರು ತೆಗೀತಿದೀವಿ. ನೀನು ಹೇಳಿದ್ದು ಸರಿ ಇತ್ತು."

ಹಜರಾ ಬೀ ಮಗನ ಕೈಗಿಂತ ಮೊದಲು ತನ್ನ ಕೈ ಚಾಚಿ ಅದನ್ನು ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇ ಮಾತು ಅವತ್ತೇ ಹೇಳಿದ್ದ ಸಾಬ್. ಆಸ್ಪತ್ರೆ ಮಂಚದ ಮೇಲೆ ಮಲ್ಗಿ ಹೇಳಿದ್ದ. ನೀವು ಫೋನ್ ಯಾವ್ದು, ಯಾರ್ ಜೊತೆ ಮಾತಾಡ್ತಿದ್ದೆ ಅಂತ ಕೇಳಿದ್ರಿ."

"ಅಮ್ಮೀ," ಎಂದ ಮುಜೀಬ್.

"ಹೇಳ್ಲಿ ಬಿಡಪ್ಪ," ಎಂದರು ರಾಮಾಂಜಿನಯ್ಯ. "ಹೇಳೋ ಹಕ್ಕಿದೆ."

"ಗುಬ್ಬಿಲಿ ಎಲ್ರಿಗೂ ನೀವೇ ಫೋನ್ ಮಾಡಿ ಹೇಳ್ತೀರಾ? ನಾನು ಹೇಳಿದ್ರೆ ತಾಯಿ ಅಂತಾರೆ."

"ಬುಧವಾರ ಬರ್ತೀನಿ. ಬಂದೇ ಹೇಳ್ತೀನಿ."

"ಜೀಪಲ್ಲೇ ಬನ್ನಿ," ಎಂದಳು ಹಜರಾ ಬೀ. "ಜೀಪಲ್ಲಿ ಕರ್ಕೊಂಡ್ ಹೋದ್ರಿ, ಎಲ್ರೂ ನೋಡಿದ್ರು. ಜೀಪಲ್ಲೇ ಬಂದು ಹೇಳಿ, ಎಲ್ರೂ ನೋಡ್ಲಿ."

ಚಂದ್ರು ಪೇಡದ ಡಬ್ಬಿ ಹಿಡಿದು ಓಡಾಡುತ್ತಿದ್ದ. ಪೊಲೀಸರಿಗೆ ಕೊಟ್ಟ, ಮೆಕ್ಯಾನಿಕ್ಕುಗಳಿಗೆ ಕೊಟ್ಟ, ಹಜರಾ ಬೀಯ ಕೈಗೆ ಎರಡು ಇಟ್ಟ. ಮಂಗಳಗೌರಿಯ ಮುಂದೆ ಬಂದು ಕಣ್ಣೊರೆಸಿಕೊಂಡ.

"ನಮ್ ನಯಾಜ್ ಇದನ್ ನೋಡ್ಬೇಕಿತ್ತು ಅಕ್ಕ. ಮುಜೀಬಾ, ನಾಳೆಯಿಂದ್ಲೇ ಕೆಲ್ಸಕ್ ಬಾ. ಹತ್ತು, ಬ್ರೇಕ್ ನೀನೇ ನೋಡು."

ಮುಜೀಬ್ ಕುಂಟುತ್ತ ಹೋಗಿ ಕ್ಯಾರವಾನಿನ ಡ್ರೈವರ್ ಸೀಟಿಗೆ ಹತ್ತಿ ಕೂತ. ಇಂಜಿನ್ ಚಾಲೂ ಮಾಡಿ, ಬ್ಯಾಂಡೇಜಿನ ಕಾಲನ್ನೇ ಪೆಡಲಿನ ಮೇಲಿಟ್ಟ. ಒತ್ತಿದ. ಪೆಡಲ್ ಅರ್ಧಕ್ಕೆ ಹೋಗಿ ಕಲ್ಲಿನಂತೆ ನಿಂತಿತು. ಮತ್ತೆ ಒತ್ತಿದ. ಮತ್ತೆ ನಿಂತಿತು. ಅವನು ಇಳಿಯಲಿಲ್ಲ. ನೋವಿಗೆ ಹಲ್ಲು ಕಚ್ಚಿಕೊಂಡು ಒತ್ತುತ್ತಲೇ ಇದ್ದ, ಪ್ರತಿ ಸಲವೂ ಅದು ನಿಂತಾಗ ಅವನ ಹೆಗಲು ಸ್ವಲ್ಪ ಸ್ವಲ್ಪವೇ ಮೇಲಕ್ಕೆದ್ದಿತು. ಅಂಗಳದಲ್ಲಿದ್ದವರೆಲ್ಲ ಅದನ್ನೇ ನೋಡಿದರು. ಮಂಗಳಗೌರಿ ಪೇಡ ಬಾಯಿಗಿಟ್ಟುಕೊಂಡಳು. ಇಷ್ಟು ವರ್ಷದಲ್ಲಿ ಅವಳು ಹಿಡಿದ ಕಳ್ಳರು ಬೇಕಾದಷ್ಟು. ಒಬ್ಬ ಮನುಷ್ಯ ತನ್ನ ಮಾತನ್ನು ಹೀಗೆ ಕಾಲಲ್ಲಿ ಮುಟ್ಟಿ ನೋಡಿಕೊಂಡದ್ದನ್ನು ಅವಳು ಕಂಡಿರಲಿಲ್ಲ.

"ಮೇಡಂ, ಒಂದ್ ನಿಮಿಷ."

ಕಂಪನಿಯ ಮೆಕ್ಯಾನಿಕ್ ಕರೆದ. ನುಜ್ಜಾದ ಗಾಡಿಯ ಬಾನೆಟ್ ಬಗ್ಗಿಸಿ, ಹಳೆಯ ಸಿಲಿಂಡರನ್ನು ಪರೀಕ್ಷೆಗೆ ಬಿಚ್ಚಲು ಅವನು ಬಗ್ಗಿದ್ದ.

"ಇದೇನಿದು? ಸಿಲಿಂಡರ್ ಹಳೇದು. ನಟ್ಟು ನಮ್ ಕಿಟ್ಟಿಂದು."

ಮಂಗಳಗೌರಿ ಬಗ್ಗಿ ನೋಡಿದಳು. ತೊಳೆಯದ, ಕಪ್ಪು ಜಿಡ್ಡಿನ ಸಿಲಿಂಡರನ್ನು ಹಿಡಿದುಕೊಂಡು ಹೊಳೆಯುವ ನೀಲಿ ನಟ್ಟುಗಳು ನಿಂತಿದ್ದವು.

ಚೀಲಕ್ಕೆ ಕೈ ಹಾಕಿ, ಜುಂಜಪ್ಪ ಕೊಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಅಂಗೈ ಮೇಲೆ ಸುರಿದುಕೊಂಡಳು. ತುಕ್ಕು ಹಿಡಿದ ನಟ್ಟುಗಳು. ಸೋಮವಾರದಿಂದ ಅವಳ ಚೀಲದಲ್ಲೇ ಇದ್ದವು. ಅವಳು ಒಮ್ಮೆಯೂ ನೋಡಿರಲಿಲ್ಲ.

ಮಂಚದ ಕೆಳಗಿನ ಎರಡಕ್ಕೂ ನೀಲಿ ನಟ್ಟಿನ ಪೊಟ್ಟಣವಿತ್ತು. ಅವುಗಳ ನಂಬರನ್ನು ಯಾರೂ ಸವೆಸಿರಲಿಲ್ಲ. ಮೂರನೆಯದಕ್ಕೆ ಮಾತ್ರ ನಂಬರೂ ಇರಲಿಲ್ಲ, ನಟ್ಟೂ ಇರಲಿಲ್ಲ. ಅದರ ನಟ್ಟು ಇಲ್ಲಿತ್ತು, ಈ ಗಾಡಿಯಲ್ಲಿ. ಕೃಷ್ಣಕುಮಾರ್ ಕಳ್ಳನಾದರೂ ಹೇಳಿದ್ದು ನಿಜ. ಈ ಗಾಡಿಗೆ ಹೊಸದು ಹಾಕಿದ್ದ. ಆಮೇಲೆ ಬೇರೆ ಯಾರೋ ಅದನ್ನು ಬಿಚ್ಚಿ, ಕೆಡುತ್ತದೆ ಎಂದು ಗೊತ್ತಿದ್ದ ಹಳೆಯದನ್ನು ಅದೇ ನಟ್ಟಿನಿಂದ ಬಿಗಿದಿದ್ದರು.

ಇದು ಕಳ್ಳತನವಾಗಿರಲಿಲ್ಲ.

ಅವಳು ಜುಂಜಪ್ಪನಿಗೆ ಫೋನ್ ಹಚ್ಚಿದಳು. ರಾಮಾಂಜಿನಯ್ಯನವರು ಅವಳ ಮುಖ ನೋಡಿ ಹತ್ತಿರ ಬಂದರು. ಅವಳು ಸ್ಪೀಕರ್ ಒತ್ತಿದಳು.

"ಆ ಸಿಲಿಂಡರ್ ನಿನ್ನ ಕೈಗೆ ಕೊಟ್ಟಿದ್ದು ಯಾರು ಜುಂಜಪ್ಪ? ಊರಿನ ಹೆಸ್ರು ಬೇಡ. ಮನುಷ್ಯನ ಹೆಸ್ರು ಹೇಳು."

"ಅದೇ ಮೇಡಂ, ಕ್ಯಾರವಾನ್ ಚಂದ್ರಣ್ಣ. ನೀವ್ ಅವತ್ತು ಕೇಳ್ಲಿಲ್ಲ, ನಾನ್ ಹೇಳ್ಲಿಲ್ಲ. ಪೂಜೆ ಆಗಿರೋ ಸಾಮಾನು, ಕೆರೆಗ್ ಎಸಿಯಾಕ್ ಮನ್ಸ್ ಬರಲ್ಲ, ನೀನೇ ಇಟ್ಕೋ ಅಂದ್ರು. ಹೆಚ್ಗೆ ಕಾಸೂ ಕೇಳ್ಲಿಲ್ಲ, ಪಾಪ. ಯಾಕ್ ಮೇಡಂ?"

ರಾಮಾಂಜಿನಯ್ಯನವರು ಅಂಗಳಕ್ಕೆ ತಿರುಗಿದರು. ಮುಜೀಬ್ ತಾಯಿಯ ಹೆಗಲು ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದ.

"ಚಂದ್ರು ಎಲ್ಲಪ್ಪ?"

"ಈಗ ತಾನೆ ನನ್ನ ಇಳಿಸಿ ಗಾಡಿ ತಗೊ‍ಂಡು ಹೋದ್ರು ಸಾರ್. ಅಮೃತೂರಲ್ಲಿ ಅರ್ಜೆಂಟ್ ಬುಕಿಂಗ್ ಐತೆ ಅಂದ್ರು."

ಪೇಡದ ಡಬ್ಬಿ ಠಾಣೆಯ ಮೆಟ್ಟಿಲ ಮೇಲಿತ್ತು. ರಸ್ತೆಯಲ್ಲಿ ಧೂಳು ಕೂಡ ಉಳಿದಿರಲಿಲ್ಲ. ಆ ಹೊತ್ತಿಗೆ ಹೋದದ್ದು ಇಷ್ಟು: ನಯಾಜ್ ಅಹಮದನ ಜೀವ, ಮುಜೀಬನ ಬಲಗಾಲಿನ ಎರಡು ಬೆರಳು, ಗುಜರಿಗೆ ಒಂದು ಕ್ಯಾರವಾನ್, ಚಂದ್ರುವಿನ ಜೊತೆಗೆ ಇನ್ನೊಂದು.